ಕದಲುವ ಪಂಚಮ

ಉಸ್ತಾದರು ಪೆನ್ಸಿಲ್ ಹಿಡಿದು ನನ್ನ ಸ್ವರಲಿಪಿಯ ಚೆಲೊ ಸಾಲಿನಲ್ಲಿದ್ದ ಪಂಚಮಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋದರು. ಹನ್ನೊಂದು ಪುಟಗಳ ಉದ್ದಕ್ಕೂ ತಂಬೂರಿಯ ಶ್ರುತಿಯ ಹಾಗೆ ನಾನು ಎಳೆದು ನಿಲ್ಲಿಸಿದ್ದ ಪಂಚಮ ಅದು. ಕೊನೆಯ ಪುಟ ಮುಗಿಸಿ, ಪೆನ್ಸಿಲನ್ನು ಚಹಾ ಲೋಟದ ಪಕ್ಕಕ್ಕಿಟ್ಟು, "ಈ ಸ್ವರ ಕದಲಬೇಕು. ನೀನು ಅದಕ್ಕೆ ಮೊಳೆ ಹೊಡೆದಿದ್ದೀಯ" ಎಂದರು.

ನನಗೆ ಮಾತು ಹೊರಡಲಿಲ್ಲ. ಮೈಸೂರಿನಲ್ಲಿ ಪಿಟೀಲು ನುಡಿಸುವವರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಋಷಭಕ್ಕೆ ಭೇದವಿದೆ, ಗಾಂಧಾರಕ್ಕೆ ಭೇದವಿದೆ, ಮಧ್ಯಮದಲ್ಲೂ ಎರಡಿವೆ, ಷಡ್ಜ ಪಂಚಮಗಳು ಮಾತ್ರ ಅಚಲ ಎಂಬುದು ಅಕ್ಷರಾಭ್ಯಾಸಕ್ಕೂ ಮೊದಲು ಕಿವಿಗೆ ಬಿದ್ದ ಪಾಠ. ಟೊರೊಂಟೊದ ಯಂಗ್ ಸ್ಟ್ರೀಟಿನ ಹಳೆಯ ಅಪಾರ್ಟ್‌ಮೆಂಟೊಂದರ ಒಂಬತ್ತನೆಯ ಮಹಡಿಯಲ್ಲಿ, ಆ ಸಂಜೆ, ಆ ಪಾಠದ ಅರ್ಧ ಭಾಗ ಅಲುಗಾಡಿತು. ಪರ್ಷಿಯನ್ ಸಂಗೀತವನ್ನೂ ಇಂದಿನ ಪಾಶ್ಚಾತ್ಯ ಶಾಸ್ತ್ರೀಯ ವೃಂದವನ್ನೂ ಒಟ್ಟಿಗೆ ಕೂರಿಸಲು ನಾನು ಪಟ್ಟ ಪಾಡಿನಲ್ಲಿ ನಿಜವಾದ ಕೆಲಸ ಶುರುವಾದದ್ದು ಆ ಪೆನ್ಸಿಲಿನ ನಂತರ.

ನಾನು 2006ರಲ್ಲಿ ಕೆನಡಾಕ್ಕೆ ಬಂದೆ. ಹಗಲು ಹೊತ್ತು ಶಾಲೆಯೊಂದರಲ್ಲಿ ಮಕ್ಕಳಿಗೆ ತಂತಿವಾದ್ಯ ಕಲಿಸುತ್ತೇನೆ. ಸಂಗೀತ ರಚನೆ ರಾತ್ರಿಯ ಕೆಲಸ. ವಾರಕ್ಕೊಂದು ಸಂಜೆ ಹವ್ಯಾಸಿಗಳ ತಂತಿವಾದ್ಯ ವೃಂದವೊಂದನ್ನು ನಿರ್ದೇಶಿಸುತ್ತೇನೆ. ಹತ್ತೊಂಬತ್ತು ಜನರಿದ್ದಾರೆ. ನಿವೃತ್ತ ದಾದಿ, ಲೆಕ್ಕಪರಿಶೋಧಕ, ಇಬ್ಬರು ಎಂಜಿನಿಯರುಗಳು, ಕಾಲೇಜು ಓದುವ ಹುಡುಗ ಹುಡುಗಿಯರು. ನಾವು ಅಭ್ಯಾಸ ಮಾಡುವ ಚರ್ಚಿನ ಸಭಾಂಗಣದಿಂದ ಹೊರಬಂದು ಯಂಗ್ ಸ್ಟ್ರೀಟಿನಲ್ಲಿ ಉತ್ತರಕ್ಕೆ ನಡೆದರೆ ಫಿಂಚ್ ರಸ್ತೆ ದಾಟಿದ ಮೇಲೆ ಅಂಗಡಿಗಳ ಫಲಕಗಳು ಫಾರಸಿಗೆ ತಿರುಗುತ್ತವೆ. ಬಿಸಿ ಬರ್ಬರಿ ರೊಟ್ಟಿಗಾಗಿ ಜನ ಸಾಲು ನಿಂತಿರುತ್ತಾರೆ, ಕೇಸರಿ ಹಾಕಿದ ಐಸ್‌ಕ್ರೀಮಿನ ಅಂಗಡಿ ಹಿಮ ಬೀಳುವಾಗಲೂ ತೆರೆದಿರುತ್ತದೆ. ಊರಿಗೆ 'ತೆಹ್ರಾಂಟೊ' ಎಂಬ ಅಡ್ಡಹೆಸರೇ ಇದೆ.

ನಮ್ಮ ಎರಡನೆಯ ವಯೊಲಿನ್ ಸಾಲಿನ ಇರಾನಿ ಸದಸ್ಯೆಯೊಬ್ಬರು ಒಂದು ದಿನ ತಮ್ಮ ನಾದಿನಿಯನ್ನು ಕರೆತಂದರು. ಅವರು ಹಾಡುಗಾರ್ತಿ. ತೆಹ್ರಾನಿನಲ್ಲಿ ಇಪ್ಪತ್ತು ವರ್ಷ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. 1979ರ ಕ್ರಾಂತಿಯ ನಂತರ ಅಲ್ಲಿ ಗಂಡಸರೂ ಇರುವ ಸಭೆಯಲ್ಲಿ ಹೆಣ್ಣು ಒಬ್ಬಳೇ ಹಾಡುವುದಕ್ಕೆ ಅನುಮತಿಯಿಲ್ಲ. 1924ರಲ್ಲಿ ಕಮರ್-ಉಲ್-ಮುಲೂಕ್ ವಜೀರಿ ಎಂಬ ಹಾಡುಗಾರ್ತಿ ತೆಹ್ರಾನಿನ ಗ್ರ್ಯಾಂಡ್ ಹೋಟೆಲಿನ ವೇದಿಕೆಯಲ್ಲಿ ಮುಸುಕಿಲ್ಲದೆ ನಿಂತು ಹಾಡಿದ ದೇಶ ಅದು. ನಮ್ಮ ಹಾಡುಗಾರ್ತಿಯ ಗಂಟಲಿನಲ್ಲಿ ಆ ಪರಂಪರೆಯೆಲ್ಲ ಇತ್ತು, ಆದರೆ ವೇದಿಕೆ ಹತ್ತಿರಲಿಲ್ಲ. ಅಭ್ಯಾಸ ಮುಗಿದು ಎಲ್ಲರೂ ಕುರ್ಚಿ ಮಡಿಸುತ್ತಿದ್ದಾಗ ಅವರು ಮೂಲೆಯಲ್ಲಿ ನಿಂತು ಎರಡು ನಿಮಿಷ ಹಾಡಿದರು. ಕುರ್ಚಿಗಳ ಸದ್ದು ತಾನಾಗಿ ನಿಂತಿತು. ಮುಂದಿನ ನೌರೂಜ್‌ಗೆ ಅಂದರೆ ಇರಾನಿ ಹೊಸವರ್ಷಕ್ಕೆ, ಇವರಿಗಾಗಿ ಒಂದು ಕೃತಿ ಬರೆಯುತ್ತೇನೆ ಎಂದು ನಾನು ಅಲ್ಲೇ ಮಾತು ಕೊಟ್ಟೆ.

ಮೊದಲ ಕರಡನ್ನು ಮೂರು ವಾರದಲ್ಲಿ ಬರೆದೆ. ಆ ವೇಗದಲ್ಲೇ ಅದರ ದೋಷವಿತ್ತು. ಅವರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ಪಿಯಾನೊ ಮುಂದೆ ಕೂತು ಹತ್ತಿರದ ಸ್ವರಗಳಿಗೆ ಅದನ್ನು ಹೊಂದಿಸಿಕೊಂಡೆ, ಕೆಳಗೆ ಡಿ ಮೈನರಿನ ಸ್ವರಸಂಗತಿಗಳನ್ನು ತುಂಬಿದೆ. ವೃಂದ ನುಡಿಸಿದಾಗ ಚೆನ್ನಾಗಿಯೇ ಕೇಳಿಸಿತು, ಸಿನಿಮಾದ ಮರುಭೂಮಿಯ ದೃಶ್ಯಕ್ಕೆ ಒಗ್ಗುವ ಹಾಗೆ. ಹಾಡುಗಾರ್ತಿ ಎರಡು ಸಲ ಪ್ರಯತ್ನಿಸಿದರು. ಮೂರನೆಯ ಸಲ ನಡುವೆಯೇ ನಿಲ್ಲಿಸಿ, "ಇದರೊಳಗೆ ನನಗೆ ಕೂರಲು ಜಾಗ ಕಾಣುತ್ತಿಲ್ಲ" ಎಂದರು. ಅವರೇ ನನ್ನನ್ನು ತಾರ್ ಎಂಬ ಇರಾನಿ ತಂತಿವಾದ್ಯ ನುಡಿಸುವ ಈ ಉಸ್ತಾದರ ಬಳಿಗೆ ಕಳಿಸಿದರು. ಆ ವರ್ಷದ ನೌರೂಜ್ ಹಾಗೇ ಕಳೆಯಿತು. ಅದರ ಮುಂದಿನದೂ ಕಳೆಯಿತು.

ಎರಡು ವರ್ಷ ಶನಿವಾರ ಬಿಟ್ಟು ಶನಿವಾರ ಹೋದೆ. ಪರ್ಷಿಯನ್ ಸಂಗೀತದ ಅಡಿಪಾಯಕ್ಕೆ ರದೀಫ್ ಎನ್ನುತ್ತಾರೆ. ಏಳು ದಸ್ತ್‌ಗಾಹ್, ಅಂದರೆ ನಮ್ಮ ರಾಗಗಳಂಥ ಸ್ವರವ್ಯವಸ್ಥೆಗಳು, ಅವುಗಳಿಂದ ಕವಲೊಡೆದ ಐದು ಆವಾಜ್, ಎಲ್ಲದರೊಳಗೆ ಹರಡಿದ ಗುಶೆ ಎಂಬ 250ಕ್ಕೂ ಹೆಚ್ಚು ಪುಟ್ಟ ರಾಗತುಣುಕುಗಳು. ಇಂದು ಹೆಚ್ಚಿನವರು ಕಲಿಯುವುದು 1918ರಲ್ಲಿ ತೀರಿಕೊಂಡ ಮಿರ್ಜಾ ಅಬ್ದುಲ್ಲಾ ಅವರ ಪಾಠಾಂತರವನ್ನು. 2009ರಲ್ಲಿ ಯುನೆಸ್ಕೊ ರದೀಫನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಉಸ್ತಾದರು ಮೊದಲ ದಿನವೇ ನನ್ನ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಸಿದರು. ಅವರು ನುಡಿಸುತ್ತಾರೆ, ನಾನು ಪಿಟೀಲಿನಲ್ಲಿ ಹೇಳಿ ಒಪ್ಪಿಸುತ್ತೇನೆ. ತಪ್ಪಿದರೆ ಮತ್ತೆ ಮೊದಲಿಂದ. ಅಪ್ಪನ ಪಾಠದ ಕೋಣೆಗೇ ವಾಪಸು ಬಂದಂತಿತ್ತು. ಚಾಪೆಯ ಬದಲು ಸೋಫಾ, ಕಾಫಿಯ ಬದಲು ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿ ಹೀರುವ ಚಹಾ.

ಆ ಮನೆಯಲ್ಲಿ ಪದಗಳು ನನ್ನನ್ನು ಬಹಳ ಆದರಿಸಿದವು. ಗುಶೆ ಎಂದರೆ ಮೂಲೆ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿರುವ ಪದವೇ. ಪ್ರತಿ ದಸ್ತ್‌ಗಾಹಿನ ಬಾಗಿಲಿಗೆ ದರಾಮದ್ ಎನ್ನುತ್ತಾರೆ, ಒಳಗೆ ಬರುವುದು ಎಂದರ್ಥ. ನಮ್ಮ ಆಮದು ರಫ್ತಿನ 'ಆಮದು' ಅದರಲ್ಲಿದೆ. ನಾವು ಜಗಳದಲ್ಲಿ ಮಾತ್ರ 'ಆವಾಜು' ಹಾಕುತ್ತೇವೆ. ಅವರಿಗೆ ಆವಾಜ್ ಎಂದರೆ, ಮೇಲೆ ಹೇಳಿದ ಕವಲಿನ ಅರ್ಥದ ಜೊತೆಗೆ, ತಾಳವಿಲ್ಲದೆ, ಕವಿತೆಯ ನಡಿಗೆಯನ್ನಷ್ಟೇ ಹಿಡಿದು ಹಾಡುವ ಆಲಾಪದಂಥ ಹಾಡು. ಹಾಡುಗಾರ್ತಿ ಒಂದು ಸಾಲು ಮುಗಿಸಿದಾಗ ವಾದ್ಯದವರು ಅದನ್ನು ತಮ್ಮ ವಾದ್ಯದಲ್ಲಿ ಮರಳಿ ನುಡಿಯುವುದಕ್ಕೆ 'ಜವಾಬೆ ಆವಾಜ್' ಎಂದು ಹೆಸರು. ಜವಾಬು! ಈ ಪದ ಕೇಳಿದ ಸಂಜೆ ನಾನು ರೈಲಿನಲ್ಲಿ ನನ್ನ ನಿಲ್ದಾಣ ಬಿಟ್ಟು ಮುಂದೆ ಹೋಗಿದ್ದೆ. ಅಪ್ಪ ಐವತ್ತು ವರ್ಷ ವೇದಿಕೆಯ ಮೇಲೆ ಮಾಡಿದ್ದು ಅದನ್ನೇ ಅಲ್ಲವೇ? ಉಸ್ತಾದರಿಗೆ ಬಿಜಾಪುರದ ಹೆಸರು ಗೊತ್ತಿತ್ತು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಬರೆದ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥಕ್ಕೆ ಮುನ್ನುಡಿ ಬರೆದದ್ದು ಇರಾನಿನಿಂದ ಬಂದ ಕವಿ ಜುಹೂರಿ. "ನಮ್ಮವನೊಬ್ಬ ನಿಮ್ಮಲ್ಲಿಗೆ ಬಂದು ಮುನ್ನುಡಿ ಬರೆದ, ನೀನು ಇಲ್ಲಿಗೆ ಬಂದಿದ್ದೀಯ" ಎಂದು ಅವರು ಬಹಳ ಸಂತೋಷಪಟ್ಟರು.

ಪಂಚಮದ ವಿಷಯಕ್ಕೆ ಬರುತ್ತೇನೆ. ನಾನು ಆರಿಸಿಕೊಂಡದ್ದು ಶೂರ್ ದಸ್ತ್‌ಗಾಹ್, ಡಿ ಸ್ವರವನ್ನು ಷಡ್ಜವಾಗಿಟ್ಟುಕೊಂಡು. ಇದರ ಎರಡನೆಯ ಸ್ವರ ಇ-ಕೊರೊನ್: ನಮ್ಮ ಶುದ್ಧ ಋಷಭಕ್ಕೂ ಚತುಶ್ರುತಿ ಋಷಭಕ್ಕೂ ನಡುವಿನ ಜಾಗ. ಸ್ವರವನ್ನು ಸುಮಾರು ಕಾಲುಸ್ವರದಷ್ಟು ಇಳಿಸುವ ಕೊರೊನ್ ಎಂಬ ಗುರುತನ್ನು ಕೊಟ್ಟವರು ಅಲಿನಕಿ ವಜೀರಿ. ಯುರೋಪಿನಲ್ಲಿ ಓದಿ ಬಂದು 1920ರ ದಶಕದಲ್ಲಿ ತೆಹ್ರಾನಿನಲ್ಲಿ ಸಂಗೀತ ಶಾಲೆ ತೆರೆದವರು. ಅವರು ಸ್ಥಾಯಿಯನ್ನು ಸಮನಾದ 24 ಪಾಲು ಮಾಡಿದರು. ಆ ಲೆಕ್ಕದಲ್ಲಿ ಇ-ಕೊರೊನ್ ಡಿಯಿಂದ 150 ಸೆಂಟ್ ಮೇಲಿರಬೇಕು (ಸ್ಥಾಯಿಯ 1200ರಲ್ಲೊಂದು ಪಾಲು ಒಂದು ಸೆಂಟ್). ಮುಂದೆ ಸಂಗೀತಶಾಸ್ತ್ರಜ್ಞ ಹೊರ್ಮೋಜ್ ಫರ್ಹತ್ ವಾದಕರ ತಾರ್ ಸೆತಾರ್‌ಗಳನ್ನು ಅಳೆದು, ಇಲ್ಲಿ ಸಮಭಾಗದ ಕಾಲುಸ್ವರವೆಂಬುದು ಇಲ್ಲವೇ ಇಲ್ಲ, ಸುಮಾರು 135 ಮತ್ತು 160 ಸೆಂಟುಗಳ ಎರಡು ಬೇರೆ ಬೇರೆ ಅಂತರಗಳಿವೆ, ಅವೂ ಕೈಯಿಂದ ಕೈಗೆ ಕೊಂಚ ಬದಲಾಗುತ್ತವೆ ಎಂದರು. ನನಗೆ ಫರ್ಹತ್ ಹೇಳಿದ್ದೇ ಸರಿಯೆನಿಸುತ್ತದೆ. ಕಾರಣ, ನಾನದನ್ನು ಕಿವಿಯಾರೆ ಕೇಳಿದ್ದೇನೆ.

ತಾರಿನ ಬುರುಡೆ ಹಿಪ್ಪುನೇರಳೆ ಮರದ್ದು, ಮೇಲೆ ಕುರಿಮರಿಯ ತೆಳುವಾದ ಚರ್ಮ, ಮೂರು ಜೋಡಿಯಾಗಿ ಆರು ತಂತಿಗಳು. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ತಾರಿನ ಮೆಟ್ಟಿಲುಗಳು ಕೊರಳಿಗೆ ಸುತ್ತಿ ಕಟ್ಟಿದ ದಾರಗಳು, ಸರಿಸಿದರೆ ಸರಿಯುತ್ತವೆ. ಒಂದು ದಿನ ಶೂರ್ ಮುಗಿಸಿ ಸೆಗಾಹ್ ಎಂಬ ಇನ್ನೊಂದು ದಸ್ತ್‌ಗಾಹ್ ತೆಗೆದುಕೊಳ್ಳುವ ಮೊದಲು ಉಸ್ತಾದರು ಹೆಬ್ಬೆರಳ ಉಗುರಿನಿಂದ ಒಂದು ದಾರವನ್ನು ತಳ್ಳಿದರು. ಕಣ್ಣಿಗೆ ಏನೂ ಕಾಣಲಿಲ್ಲ. ತಂತಿ ಮೀಟಿದಾಗ ಕೇಳಿತು: ಅದೇ ಇ-ಕೊರೊನ್, ಆದರೆ ಬೇರೆ ಮನೆಯದು. ಕಾಗದದ ಮೇಲೆ ಎರಡಕ್ಕೂ ಒಂದೇ ಗುರುತು.

ಶೂರ್‌ನಲ್ಲಿ ಐದನೆಯ ಸ್ವರಕ್ಕೆ ಮೊತಗಯ್ಯರ್ ಎನ್ನುತ್ತಾರೆ, ಬದಲಾಗುವಂಥದ್ದು. ದರಾಮದ್‌ನಲ್ಲಿ ಅದು ನಾವು ಬಲ್ಲ ಪಂಚಮವಾಗಿ, ಎ ಸ್ವರವಾಗಿ ಇರುತ್ತದೆ. ಮುಂದೆ ಶಹನಾಜ್ ಎಂಬ ಗುಶೆ ಬಂದಾಗ ರಾಗದ ಆಸನವೇ ಮಧ್ಯಮಕ್ಕೆ ಏರುತ್ತದೆ. ನಮ್ಮಲ್ಲಿ ಮಧ್ಯಮ ಶ್ರುತಿಯಲ್ಲಿ ಹಾಡುವಾಗ ಮಧ್ಯಮವನ್ನೇ ಷಡ್ಜ ಮಾಡಿಕೊಳ್ಳುವ ಹಾಗೆ. ಹಾಗೆ ಆದ ಕೂಡಲೇ ಹಳೆಯ ಪಂಚಮ ಹೊಸ ಷಡ್ಜದ ಋಷಭವಾಗುತ್ತದೆ, ಆ ನಡುವಿನ ಜಾಗಕ್ಕೆ ಇಳಿಯಲೇಬೇಕಾಗುತ್ತದೆ. ಆ ಇಳಿತದಲ್ಲೇ ಶಹನಾಜ್‌ನ ಪ್ರಾಣವಿದೆ. ಚೆಲೊಗಳು ಕೆಳಗೆ ಎ ಹಿಡಿದು ಕೂತಿದ್ದರೆ ಹಾಡುಗಾರ್ತಿ ಎಲ್ಲಿಗೆ ಇಳಿಯಬೇಕು? ಜಾಗ ಕಾಣುತ್ತಿಲ್ಲ ಎಂದು ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅದನ್ನು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಹೊಸ ಕರಡಿನಲ್ಲಿ ಆಧಾರಶ್ರುತಿಯಾಗಿ ಡಿ ಒಂದನ್ನೇ ಇಟ್ಟೆ, ಅದೂ ಒಂದೇ ಒಂದು ಡಬಲ್ ಬಾಸ್‌ನಲ್ಲಿ. ಆಮೇಲೆ ವಯೊಲಿನ್‌ಗಳ ಮೇಲಿನ ತಂತಿಯ ತೊಡಕು ಬಂತು. ಅದು ಇ. ಬೆರಳು ಬೇರೆ ತಂತಿಯ ಮೇಲೆ ಇ-ಕೊರೊನ್ ಹಿಡಿದಿದ್ದರೂ ಖಾಲಿ ಇ ತಂತಿ ಪಕ್ಕದಲ್ಲಿ ಹೊಳೆಯುವ ಚೂರಿಯ ಹಾಗೆ ಇರುತ್ತದೆ. ಬಿಲ್ಲು ಒಂದಿಷ್ಟು ತಾಗಿದರೂ ಕೆಲಸ ಕೆಟ್ಟಿತು. ವಯೊಲಿನ್ ಇರಾನಿಗೆ ಹೋದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಬುಲ್‌ಹಸನ್ ಸಬಾ ಅವರಂಥವರ ಕೈಯಲ್ಲಿ ಅದು ಎಷ್ಟು ಬೆಳೆಯಿತೆಂದರೆ ಬಿಲ್ಲಿನಿಂದ ನುಡಿಸುವ ಅಲ್ಲಿನ ಕಮಾಂಚೆಯೇ ಮೂಲೆಗೆ ಸರಿಯಿತು. ಅಲಿ ಅಸ್ಗರ್ ಬಹಾರಿ ಅದನ್ನು ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. ಕಮಾಂಚೆ ನುಡಿಸುವವರು ದಸ್ತ್‌ಗಾಹಿಗೆ ತಕ್ಕಂತೆ ತಂತಿಯನ್ನು ಇಳಿಸಿಕೊಳ್ಳುತ್ತಾರೆ. ನಮ್ಮ ಪಿಟೀಲಂತೂ ಇಡಿಯಾಗಿ ಷಡ್ಜ ಪಂಚಮಗಳಿಗೆ ಸೇರಿಸಿದ್ದು. ಹೀಗಿರುವಾಗ ನಾನೇಕೆ ಹೆದರಬೇಕು? ವಯೊಲಿನ್‌ಗಳ ಇ ತಂತಿಯನ್ನು ಡಿಗೆ ಇಳಿಸಿಸಿದೆ, ಡಬಲ್ ಬಾಸ್‌ನ ಕೆಳಗಿನ ಇ ತಂತಿಯನ್ನೂ. ಮೊದಲ ಅಭ್ಯಾಸದಲ್ಲಿ ಕೆಲವರ ಮುಖ ಬಾಡಿತು. ನಲವತ್ತು ವರ್ಷದಿಂದ ಬೆರಳು ಬಲ್ಲ ದಾರಿ ಒಂದೇ ದಿನದಲ್ಲಿ ಅಪರಿಚಿತವಾದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಎರಡನೆಯ ವಾರ ಬಿಲ್ಲು ಎಳೆದಾಗ ಡಿ ತಂತಿಗಳೆಲ್ಲ ಒಟ್ಟಿಗೆ ಗುಂಯ್ಗುಟ್ಟಿದ್ದನ್ನು ಕೇಳಿ ಅವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇ-ಕೊರೊನ್ ಕಲಿಸಿದ ಬಗೆಯನ್ನು ವಿವರವಾಗಿಯೇ ಹೇಳುತ್ತೇನೆ, ಇಂಥ ಕೆಲಸಕ್ಕೆ ಇಳಿಯುವವರಿಗೆ ಬೇಕಾಗಬಹುದು. ಶಾಲೆಯ ಮಕ್ಕಳ ಪಿಟೀಲಿನ ಕೊರಳಿಗೆ ನಾನು ಬಣ್ಣದ ಪಟ್ಟಿ ಅಂಟಿಸುತ್ತೇನೆ, ಬೆರಳಿಗೆ ದಾರಿ ತೋರಲೆಂದು. ದೊಡ್ಡವರಿಗೂ ಹಾಗೆಯೇ ಅಂಟಿಸಿದೆ. ಎಲ್ಲರೂ ಒಂದೇ ಜಾಗಕ್ಕೆ ಬೆರಳಿಟ್ಟರು, ಟ್ಯೂನರಿನ ಮುಳ್ಳು ಸರಿಯಾದ ಕಡೆ ನಿಂತಿತು, ಸ್ವರ ಮಾತ್ರ ಸತ್ತುಹೋಗಿತ್ತು. ಮರುವಾರ ಪಟ್ಟಿ ಕಿತ್ತೆವು. ವಾದ್ಯಗಳನ್ನು ಮಡಿಲಲ್ಲಿಟ್ಟು ಹಾಡಲು ಹೇಳಿದೆ. ಮೊದಲು ಡಿ, ನಂತರ ಎಫ್, ಮತ್ತೆ ಡಿ. ಆಮೇಲೆ ಎರಡರ ನಡುವೆ ಒಂದೇ ಒಂದು ಮೆಟ್ಟಿಲು ಇಟ್ಟುಕೊಂಡು ಇಳಿಯಿರಿ, ಆ ಮೆಟ್ಟಿಲು ಡಿ ಕಡೆಗೆ ಕೂದಲೆಳೆಯಷ್ಟು ಹತ್ತಿರವಿರಲಿ ಎಂದೆ. ಏಳು ವಾರ, ಪ್ರತಿ ಅಭ್ಯಾಸದ ಮೊದಲ ಕಾಲು ಗಂಟೆ ಇದಕ್ಕೇ ಮೀಸಲು. ಐದನೆಯ ವಾರ ಲೆಕ್ಕಪರಿಶೋಧಕರು, "ಇದು ಡಿಯ ಮೇಲಿನ ಸ್ವರವಲ್ಲ, ಡಿಗೆ ಇಳಿಯಲು ಕಾಯುತ್ತಿರುವ ಸ್ವರ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ವೈಬ್ರಾಟೊ ಬಿಡಿಸುವುದು ಇನ್ನೂ ಕಷ್ಟವಾಯಿತು. ಪಾಶ್ಚಾತ್ಯ ಪದ್ಧತಿಯ ಎಡಗೈ ಉದ್ದನೆಯ ಸ್ವರ ಸಿಕ್ಕ ಕೂಡಲೇ ನಡುಗಲು ತೊಡಗುತ್ತದೆ, ಆ ನಡುಕದಲ್ಲಿ ಕೊರೊನ್ ಕರಗಿಹೋಗುತ್ತದೆ. ನನ್ನ ಕೈಯ ಗುಣವೂ ಅಡ್ಡ ಬಂತು. ನಡುವಿನ ಸ್ವರ ಸಿಕ್ಕರೆ ಸಾಕು, ತೋಡಿಯ ಗಾಂಧಾರದಂತೆ ಅದನ್ನು ತೂಗಲು ನನ್ನ ಬೆರಳು ಹೊರಡುತ್ತಿತ್ತು. ಉಸ್ತಾದರು ಮೊಣಕೈ ಹಿಡಿದು ನಿಲ್ಲಿಸುತ್ತಿದ್ದರು. ಅವರಲ್ಲೂ ಅಲಂಕಾರವಿದೆ, ತಹ್ರೀರ್ ಎನ್ನುತ್ತಾರೆ, ಗಂಟಲು ಒಡೆದು ಒಡೆದು ಸೇರುವ, ಬುಲ್‌ಬುಲ್ ಹಕ್ಕಿಗೆ ಹೋಲಿಸುವ ಬಗೆ. ಅದು ಸ್ವರಗಳ ಮೇಲೆ ಸಿಡಿಯುತ್ತದೆ, ಸ್ವರವನ್ನು ತೂಗುವುದಿಲ್ಲ. ಗಮಕವನ್ನು ಕೆಳಗಿಡುವುದು ನನಗೆ ಮಾತೃಭಾಷೆಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದಷ್ಟು ಕಷ್ಟವಾಯಿತು. ಆದರೂ ಇಟ್ಟೆ. ಈ ಕೃತಿಯಲ್ಲಿ ಎಲ್ಲೂ ಕರ್ನಾಟಕ ಸಂಗೀತದ ಒಂದು ಗಮಕವೂ ಇಲ್ಲ. ಎರಡು ಸಂಗೀತಗಳನ್ನು ಬೆರೆಸುವಾಗ ಮೂರನೆಯದನ್ನು ನುಸುಳಿಸುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಹಿತ್ಯಕ್ಕೆ ಫಾರಸಿ ಕವಿ ಹಾಫಿಜನ ದಿವಾನ್ ಎಂಬ ಕವನಸಂಗ್ರಹದ ಮೊಟ್ಟಮೊದಲ ಗಜಲನ್ನು ಹಾಡುಗಾರ್ತಿಯೇ ಆರಿಸಿದರು. "ಅಲಾ ಯಾ ಅಯ್ಯುಹಸ್ಸಾಕೀ" ಎಂದು ಶುರುವಾಗುತ್ತದೆ. ಮೊದಲರ್ಧ ಅರಬ್ಬಿ, ಉಳಿದರ್ಧ ಫಾರಸಿ: ಪ್ರೀತಿ ಮೊದಲಿಗೆ ಸುಲಭವಾಗಿ ತೋರಿತು, ಆಮೇಲೆ ಕಷ್ಟಗಳು ಬಿದ್ದವು ಎಂಬ ಅರ್ಥ. ಆವಾಜ್‌ನಲ್ಲಿ ತಾಳವಿಲ್ಲ, ಆದರೆ ಕವಿತೆಯ ಛಂದಸ್ಸು ಒಳಗೆ ನಡೆಯುತ್ತಲೇ ಇರುತ್ತದೆ. ಯಾವ ಅಕ್ಷರ ಉದ್ದ, ಯಾವುದು ಗಿಡ್ಡ ಎಂಬುದು ವೃಂದಕ್ಕೆ ಗೊತ್ತಿಲ್ಲದಿದ್ದರೆ ಹಾಡುಗಾರ್ತಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಗೊತ್ತಾಗುವುದಿಲ್ಲ. ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ್ದ ಹಾಗೆ, ಆ ಸಾಲಿಗೆ ಪ್ರಸ್ತಾರ ಹಾಕುತ್ತಾ ಕೂತೆ. ಅ ಲಘು. ಲಾ ಗುರು. ಯಾ ಗುರು. ಅಯ್ ಗುರು. ಮುಂದೆ: ಯು ಲಘು, ಹಸ್ ಗುರು, ಸಾ ಗುರು, ಕೀ ಗುರು. ಮತ್ತೆ ಅದೇ. ಮತ್ತೆ ಅದೇ. ಒಂದು ಲಘುವಿನ ಮೇಲೆ ಮೂರು ಗುರು, ನಾಲ್ಕು ಸಲ, ಹದಿನಾರು ಅಕ್ಷರ. ಫಾರಸಿಯವರು ಇದಕ್ಕೆ ಹಜಜ್ ಎನ್ನುತ್ತಾರೆ. ನನ್ನ ಬಾಯಿಗೆ ಬಂದದ್ದು ಬೇರೆ: ಯಮಾತಾರಾ! ಗಣಗಳನ್ನು ನೆನಪಿಡಲು ನಾವೆಲ್ಲ ಉರು ಹೊಡೆದ 'ಯಮಾತಾರಾಜಭಾನಸಲಗಂ' ಸೂತ್ರದ ಮೊದಲ ನಾಲ್ಕು ಅಕ್ಷರಗಳು ಸರಿಯಾಗಿ ಅದೇ ಅಳತೆಯವು. ಯಮಾತಾರಾ ಯಮಾತಾರಾ ಯಮಾತಾರಾ ಯಮಾತಾರಾ. ಹಾಫಿಜನ ಸಾಲು ಅದರ ಮೇಲೆ ಕೈಗವಸಿನ ಹಾಗೆ ಕೂತಿತು.

ಮರುದಿನ ಹತ್ತೊಂಬತ್ತು ಜನ ಕೆನಡಿಯನ್ನರು ಚರ್ಚಿನ ಸಭಾಂಗಣದಲ್ಲಿ ಯಮಾತಾರಾ ಹೇಳಿದರು. ಫಾರಸಿ ಪದಗಳು ಅವರ ನಾಲಗೆಗೆ ಸುಲಭವಾಗಿ ಹತ್ತುತ್ತಿರಲಿಲ್ಲ. ಇದು ಐದು ನಿಮಿಷದಲ್ಲಿ ಹತ್ತಿತು. ಸ್ವರಲಿಪಿಯಲ್ಲಿ ಆವಾಜ್ ಭಾಗಕ್ಕೆ ತಾಳದ ಗೆರೆಗಳನ್ನು ತೆಗೆದು, ಹಾಡಿನ ಸಾಲಿನ ಮೇಲೆ ಲಘು ಗುರುಗಳ ಗುರುತನ್ನೇ ಹಾಕಿದೆ. ನಮ್ಮ ವೃಂದದ ಪ್ರತಿಗಳಲ್ಲಿ ಆ ಕೊಕ್ಕೆ ಮತ್ತು ಗೆರೆಗಳು ಇಂದಿಗೂ ಇವೆ.

ಇನ್ನು ನನ್ನ ಕೈಗಳ ಮಾತು. ವೃಂದ ನಿರ್ದೇಶಕರ ಬಲಗೈ ತಾಳ ಹಾಕುವುದಕ್ಕೆ ಇರುವುದು. ತಾಳವಿಲ್ಲದ ಕಡೆ ತಾಳ ಹಾಕಿದರೆ ಹಾಡುಗಾರ್ತಿಯ ಉಸಿರಿಗೆ ಬೇಲಿ ಹಾಕಿದಂತೆ. ಮೊದಲ ಕರಡಿನ ಅಭ್ಯಾಸಗಳಲ್ಲಿ ನಾನು ಅವರನ್ನು ನಾಲ್ಕರ ಎಣಿಕೆಯೊಳಗೆ ಎಳೆದು ತರುತ್ತಿದ್ದೆ, ಅವರು ಸೌಜನ್ಯದಿಂದ ಬರುತ್ತಿದ್ದರು. ಪೋಲೆಂಡಿನ ವಿಟೋಲ್ಡ್ ಲುಟೊಸ್ಲಾವ್ಸ್ಕಿ 1961ರಿಂದ ತಮ್ಮ ಕೃತಿಗಳಲ್ಲಿ ಒಂದು ಉಪಾಯ ಬಳಸಿದ್ದರು: ನಿರ್ದೇಶಕ ಒಂದು ಸನ್ನೆ ಕೊಟ್ಟು ಕೈ ಇಳಿಸುತ್ತಾನೆ, ವಾದಕರು ತಮ್ಮ ತಮ್ಮ ತುಣುಕನ್ನು ತಮ್ಮದೇ ವೇಗದಲ್ಲಿ ನುಡಿಸುತ್ತಾರೆ, ಮುಂದಿನ ಸನ್ನೆ ಬರುವವರೆಗೆ. ಆಧುನಿಕ ಸಂಗೀತದ ಈ ಪೆಟ್ಟಿಗೆಯೊಳಗೆ ಜವಾಬನ್ನು ಇಡಬಹುದು ಎಂದು ನನಗೆ ಹೊಳೆದದ್ದೇ ಈ ಕೃತಿಯ ಬೆನ್ನೆಲುಬು.

ದಾರಿ ನನಗೇ ಹೊಸದಾಗಿ ಸಿಕ್ಕಿತೆಂದು ಹೇಳಲಾರೆ. ಹುಸೇನ್ ಅಲೀಜಾದೆ 1983ರಲ್ಲೇ ನಯ್ ಎಂಬ ಜೊಂಡಿನ ಕೊಳಲಿಗೂ ತಂತಿವಾದ್ಯ ವೃಂದಕ್ಕೂ ಬರೆದ 'ನೈನವಾ'ದಲ್ಲಿ ತಂತಿಗಳು ಎಷ್ಟು ಹೊತ್ತು ಸುಮ್ಮನೆ ನಿಲ್ಲಬಲ್ಲವು ಎಂಬುದನ್ನು ತೋರಿಸಿದ್ದಾರೆ. ಕಜ್ವೀನ್‌ನಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ನೆಲೆಸಿ ಪಾಠ ಹೇಳುವ ರೆಜಾ ವಾಲಿ ಯುರೋಪಿನ ಸಮಪಾಲಿನ ಶ್ರುತಿಯನ್ನೇ ಬದಿಗಿಟ್ಟು ದಸ್ತ್‌ಗಾಹ್ ಪದ್ಧತಿಯಲ್ಲೇ ಹೊಸ ಕೃತಿಗಳನ್ನು ಕಟ್ಟಿದವರು. ಇಬ್ಬರನ್ನೂ ನಾನು ರಾತ್ರಿ ರಾತ್ರಿ ಕೇಳಿದ್ದೇನೆ. ನಾನು ಕೈಯಿಂದ ಸೇರಿಸಿದ್ದು ಅಪ್ಪನ ವಿದ್ಯೆಯನ್ನು ಮಾತ್ರ.

ಅಪ್ಪನ ವಿದ್ಯೆ ಎಂದರೆ ಪಕ್ಕವಾದ್ಯ. ಗಾಯಕರು ಆಲಾಪನೆ ಮಾಡುವಾಗ ಪಿಟೀಲು ಒಂದು ನೆರಳಿನಷ್ಟು ಹಿಂದೆ ಬರಬೇಕು. ಜೊತೆಗೇ ಬಂದರೆ ತಡೆ, ಬಹಳ ಹಿಂದೆ ಬಿದ್ದರೆ ಭಾರ. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಪಕ್ಕದ ಕೋಣೆಯಲ್ಲಿ ಹಾಡುತ್ತಿದ್ದರು, ನಡುವಿನ ಬಾಗಿಲು ಮುಚ್ಚಿರುತ್ತಿತ್ತು, ನಾನು ಈ ಕಡೆ ಹಿಂಬಾಲಿಸಬೇಕಿತ್ತು. ಮುಖ ಕಾಣದಿದ್ದರೆ ಉಸಿರು ಕೇಳಿಸತೊಡಗುತ್ತದೆ. ಅದನ್ನೇ ಹತ್ತೊಂಬತ್ತು ಜನಕ್ಕೆ ಹಂಚಿದೆ. ಹಾಡುಗಾರ್ತಿ ಸಾಲು ಮುಗಿಸಿ ಉಸಿರು ತೆಗೆದುಕೊಂಡಾಗ ಮೊದಲು ಕಮಾಂಚೆ ಜವಾಬು ಕೊಡುತ್ತದೆ. ಅದರ ಕೊನೆಯ ಮೂರು ಸ್ವರಗಳನ್ನು ಮೊದಲ ಮೇಜಿನ, ಅಂದರೆ ಮುಂದೆ ಕೂರುವ ಜೋಡಿಯ, ವಯೊಲಿನ್‌ಗಳು ಹಿಡಿಯುತ್ತವೆ, ಒಂದು ಉಸಿರಿನ ನಂತರ ಎರಡನೆಯ ಮೇಜು, ಆಮೇಲೆ ವಿಯೋಲಾ, ಕೊನೆಗೆ ಚೆಲೊ. ಪ್ರತಿಯೊಬ್ಬರೂ ತಾವು ಹಿಡಿದ ಕೊನೆಯ ಸ್ವರದಲ್ಲಿ ನಿಲ್ಲುತ್ತಾರೆ. ಹೀಗೆ ಹಾಡಿನ ಸಾಲೇ ಕಲೆತು ಕಲೆತು ಹಿಂದೆ ಒಂದು ಮಂಜಾಗಿ ನಿಲ್ಲುತ್ತದೆ. ಹೊರಗಿನಿಂದ ತಂದ ಸ್ವರಸಂಗತಿ ಒಂದೂ ಇಲ್ಲ. ಸಂಗತಿಯೆಲ್ಲ ಹಾಡುಗಾರ್ತಿಯ ಬಾಯಿಂದಲೇ ಬಿದ್ದದ್ದು. ಏಳು ನಿಮಿಷದ ಆ ಭಾಗದಲ್ಲಿ ನಾನು ಕೈ ಎತ್ತುವುದು ಹನ್ನೊಂದೇ ಸಲ. ಉಳಿದ ಹೊತ್ತು ಕೈ ಕೆಳಗಿಟ್ಟು ನಿಲ್ಲುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

ಕೊನೆಯ ರೆಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೆಂಟರ ಲಯದ ಕುಣಿತ, ತೊಂಬಕ್ ಎಂಬ ಚರ್ಮವಾದ್ಯದ ಬಡಿತ, ಎಲ್ಲರೂ ಖುಷಿಯಿಂದ ನುಡಿಸುತ್ತಾರೆ. ಸಂತೂರ್ ಇರಬೇಕೆಂಬ ಆಸೆಯಿತ್ತು. ಎಪ್ಪತ್ತೆರಡು ತಂತಿಗಳ ಆ ವಾದ್ಯದಲ್ಲಿ ಮೊದಲೇ ಸೇರಿಸಿಟ್ಟ ಸ್ವರವನ್ನು ನಡುವೆ ಕದಲಿಸಲು ಬರುವುದಿಲ್ಲ. ನನ್ನ ಪಂಚಮ ಕದಲಬೇಕಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಕೈಬಿಟ್ಟೆ.

2024ರ ಮಾರ್ಚ್‌ನಲ್ಲಿ, ನೌರೂಜ್ ಕಳೆದ ಶನಿವಾರ, ಕಾರ್ಯಕ್ರಮ ನಡೆಯಿತು. ಹೊರಗೆ ಇನ್ನೂ ಹಿಮ. ಒಳಗೆ ಹೀಟರಿನ ಒಣ ಗಾಳಿಗೆ ಕೀಲುಗಳು ಸಡಿಲವಾಗಿ, ಇಳಿಸಿದ ತಂತಿಗಳು ಮತ್ತೂ ಇಳಿಯುತ್ತಿದ್ದವು. ಪರದೆಯ ಹಿಂದೆ ಇಪ್ಪತ್ತು ನಿಮಿಷ ಒಂದೊಂದೇ ವಯೊಲಿನ್ ತೆಗೆದುಕೊಂಡು ನಾನೇ ಶ್ರುತಿ ಮಾಡಿದೆ. ಕಮಾಂಚೆಯವರು ಕುರ್ಚಿಯಲ್ಲಿ ಕೂತು ವಾದ್ಯದ ಮುಳ್ಳನ್ನು ಮೊಣಕಾಲಿನ ಮೇಲೆ ಊರಿದರು. ತಂತಿ ಬದಲಿಸುವಾಗ ಅವರು ಬಿಲ್ಲನ್ನು ವಾಲಿಸುವುದಿಲ್ಲ, ವಾದ್ಯವನ್ನೇ ಬಿಲ್ಲಿನತ್ತ ತಿರುಗಿಸುತ್ತಾರೆ. ಮೊದಲ ಸಾಲಿನ ಮಕ್ಕಳು ಬಾಯಿ ತೆರೆದು ಅದನ್ನೇ ನೋಡುತ್ತಿದ್ದರು.

ಹಾಡುಗಾರ್ತಿ ಕಡು ನೀಲಿ ಉಡುಪಿನಲ್ಲಿ ಬಂದು ನಿಂತರು. ಎದುರಿಗೆ ಗಂಡಸರು, ಹೆಂಗಸರು, ಮುದುಕರು. ದರಾಮದ್‌ನ ಮೊದಲ ಸಾಲಿಗೆ ಅವರ ಧ್ವನಿ ಕೊಂಚ ಅದುರಿತು. ಕಮಾಂಚೆ ಆ ಅದುರನ್ನೂ ಸೇರಿಸಿ ಜವಾಬು ಕೊಟ್ಟಿತು. ಎರಡನೆಯ ಸಾಲಿಗೆ ಅವರು ಕಣ್ಣು ಮುಚ್ಚಿದರು. ಶಹನಾಜ್ ಬಂತು. ಪಂಚಮ ಇಳಿಯಿತು. ವಯೊಲಿನ್‌ಗಳು, ವಿಯೋಲಾಗಳು, ಚೆಲೊಗಳು ಒಂದರ ಹಿಂದೊಂದು ಅದೇ ಮೆಟ್ಟಿಲಿಗೆ ಇಳಿದು ನಿಂತಾಗ ಸಭೆಯ ಹಿಂದಿನ ಸಾಲಿನಿಂದ ಒಬ್ಬ ವೃದ್ಧರ ನಿಟ್ಟುಸಿರು ಕೇಳಿಸಿತು. ನನ್ನ ಕೈಗಳು ಕೆಳಗಿದ್ದವು. ಉಸ್ತಾದರು ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮುಗಿದ ಮೇಲೆ ಅವರು ನನ್ನ ಬಳಿ ಬಂದು ಸ್ವರಲಿಪಿ ಕೇಳಿ ಪಡೆದರು, ಚೆಲೊ ಸಾಲನ್ನು ಪುಟ ಪುಟವಾಗಿ ತಿರುವಿ ನೋಡಿ, ಏನೂ ಹೇಳದೆ ವಾಪಸು ಕೊಟ್ಟರು. ಪೆನ್ಸಿಲ್ ಕೇಳಲಿಲ್ಲ.

ಧ್ವನಿಮುದ್ರಣವನ್ನು ಮೈಸೂರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅಪ್ಪನಿಗೆ 81 ವರ್ಷ, ಈಗ ನುಡಿಸುವುದಿಲ್ಲ. ಎರಡು ದಿನ ಸುದ್ದಿಯಿರಲಿಲ್ಲ. ಮೂರನೆಯ ದಿನ ನಾನು ಶಾಲೆಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಚೆನ್ನಾಗಿದೆ ಎಂದಾಗಲೀ, ಏನಿದು ಎಂದಾಗಲೀ ಹೇಳಲಿಲ್ಲ. "ಪಂಚಮ ಇಳಿಯುತ್ತದಲ್ಲ, ಅದಾದ ಮೇಲೆ ಆಕೆ ಎರಡನೆಯ ಸಲ ಉಸಿರು ತೆಗೆದುಕೊಳ್ಳುವ ಕಡೆ ನಿನ್ನ ಪಿಟೀಲಿನವರೊಬ್ಬರು ಮುಂದೆ ಓಡಿದ್ದಾರೆ. ಎಡಗಡೆಯಿಂದ ಕೇಳುತ್ತದೆ" ಎಂದರು.

ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲಕ್ಕೆ ಸಿಕ್ಕಿತು: ಎರಡನೆಯ ಮೇಜು, ಉಸಿರಿನ ಅರ್ಧದಷ್ಟು ಮುಂಚೆ. ಆ ಸಂಜೆ ಅವರ ಪ್ರತಿಯನ್ನು ತೆಗೆದು, ಶಹನಾಜ್‌ನ ಎರಡನೆಯ ಸನ್ನೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗುರು ಬರೆದೆ.